ನೀರು ನಿಂತ್ವೇನು, ನೀರು ಹೋದ್ವೇನು

ಮಳೆ ಬಂದು ಹೋದ ಮರುದಿನ ನನ್ನ ತವರೂರು, ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಯಾರು ಎದುರಾದರೂ ಕೇಳುವ ಮಾತು ಒಂದೇ: "ನೀರು ನಿಂತ್ವೇನ್ರಿ?" ಹೊಲದ ಒಡ್ಡು ತಡೆಯಿತೇ, ನೀರು ಹೊಲದಲ್ಲೇ ಉಳಿಯಿತೇ ಎಂದು ಅದರ ಅರ್ಥ. ದೇವದುರ್ಗದ ಒಣ ಭೂಮಿಯಲ್ಲಿ ನಿಂತ ನೀರಿಗಷ್ಟೇ ಬೆಲೆ, ಹರಿದು ಹೋದದ್ದು ಹೋಯಿತು. ಬೇಸಿಗೆ ಬಂತೆಂದರೆ ನಾವು ಮಕ್ಕಳೆಲ್ಲ ಒಡ್ಡಿಗೆ ಕಲ್ಲು ಹೊರುತ್ತಿದ್ದೆವು. ಹೊರದಿದ್ದರೆ ಅಪ್ಪ ಊಟಕ್ಕೆ ಕರೆಯುತ್ತಿರಲಿಲ್ಲ.

ನನ್ನನ್ನು ಕೊಟ್ಟದ್ದು ಮಾನ್ವಿ ತಾಲ್ಲೂಕಿನ ಪೋತ್ನಾಳಕ್ಕೆ. ಅದು ಕಾಲುವೆ ನೀರಿನ ಭತ್ತದ ಸೀಮೆ. ಅಲ್ಲಿ ಮಳೆಯಾದ ಮರುದಿನ ಕೇಳುವ ಮಾತು ಇದಕ್ಕೆ ಪೂರಾ ಉಲ್ಟಾ: "ನೀರು ಹೋದ್ವೇನ್ರಿ?" ಗದ್ದೆಯಲ್ಲಿ ಹೆಚ್ಚಾದದ್ದು ಬಸಿದು ಹೋಯಿತೇ ಎಂದು. ಮದುವೆಯಾದ ಹೊಸದರಲ್ಲಿ ನಾನು ರೂಢಿಯಂತೆ ಬಾಜೂ ಮನೆಯ ಹಿರಿಯರೊಬ್ಬರನ್ನು "ನೀರು ನಿಂತ್ವೇನ್ರಿ ಯಪ್ಪಾ?" ಎಂದು ಕೇಳಿಬಿಟ್ಟೆ. ಅವರ ಮುಖ ಸಣ್ಣದಾಯಿತು. ನಾನು ಅವರ ಗದ್ದೆಗೆ ಶಾಪ ಹಾಕಿದೆನೆಂದೇ ಅವರು ತಿಳಿದರು. ಮನೆಮಂದಿ ಇದನ್ನು ಬಂದವರಿಗೆಲ್ಲ ಹೇಳಿ ವರ್ಷಗಟ್ಟಲೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಮಾವ.

ನಗುವುದಕ್ಕೆ ಅವರಿಗೆ ಹಕ್ಕಿತ್ತು. ನಿಂತ ನೀರು ಅವರ ಹೊಲವನ್ನು ತಿಂದಿತ್ತು. ಕಾಲುವೆ ನೀರು ಜಾಸ್ತಿಯಾಗಿ ನೆಲದೊಳಗೇ ಕೊಳೆತು, ಮೇಲೆ ಉಪ್ಪು ಬೆಳ್ಳಗೆ ಎದ್ದು, ಭತ್ತ ಹೋಗಿ ಆಪು ಬೆಳೆಯುವ ಭೂಮಿಗೆ ಆ ಸೀಮೆಯಲ್ಲಿ ಜವಳು ಅನ್ನುತ್ತಾರೆ. ಆಪು ಎಂದರೆ ಆಳೆತ್ತರದ ಜೊಂಡು, ಕಂದು ಬಣ್ಣದ ಊದುಬತ್ತಿಯಂಥ ತೆನೆ ಬಿಡುವಂಥದ್ದು. ಮಾವನ ಅರ್ಧ ಹೊಲ ಜವಳಾಗಿತ್ತು. ಉಳಿದ ಅರ್ಧಕ್ಕಾಗಿ ಅವರು ಹರೆಯವನ್ನೆಲ್ಲ ಸವೆಸಿದರು: ಬಸಿಗಾಲುವೆ ತೋಡಿ ನೀರು ಹೊರಗೆ ಹಾಕುವುದು, ಆಪು ಕಿತ್ತು ಸುಡುವುದು, ಮರುವರ್ಷ ಮತ್ತೆ ಕೀಳುವುದು. ಆ ಅರ್ಧ ಉಳಿಯಿತು. ಯಾರ ಗದ್ದೆ ಜವಳಾದರೂ ಜನ ಅವರ ಹತ್ತಿರ ಬರುತ್ತಿದ್ದರು. ಊರಿನಲ್ಲಿ ಅವರಿಗೆ ಸಿಕ್ಕ ಮರ್ಯಾದೆಯೆಲ್ಲ ನೀರು ಹೊರಗೆ ಹಾಕಿ ಗಳಿಸಿದ್ದು.

ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಜೊತೆ ಇರಲು ರಾಯಚೂರಿಗೆ ಬಂದರು. ನನ್ನ ಗಂಡ ಇಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ, ನಾನು ಮನೆಯಲ್ಲೇ ಕುಬಸ ಹೊಲಿಯುತ್ತೇನೆ. ಪಟ್ಟಣ ಮಾವನಿಗೆ ಒಗ್ಗಲಿಲ್ಲ. ಬೆಳಿಗ್ಗೆ ಎದ್ದು ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿ, ಎಲ್ಲಿಗೋ ಹೊರಟವರ ಹಾಗೆ ಸಿದ್ಧರಾಗಿ ಕಟ್ಟೆಯ ಮೇಲೆ ಕೂರುತ್ತಿದ್ದರು. ಹೋಗುವುದಕ್ಕೆ ಯಾವ ಊರೂ ಇಲ್ಲ, ಕೇಳುವುದಕ್ಕೆ ಯಾರೂ ಬರುವುದಿಲ್ಲ. ಆದರೆ ಊಟಕ್ಕೆ ಕೂತಾಗ ಮಾತ್ರ ಅವರ ಕುಚೋದ್ಯ ಬತ್ತಿರಲಿಲ್ಲ. ನಾನು ಜೋಳದ ರೊಟ್ಟಿ ಮುರಿಯುವುದನ್ನು ನೋಡಿ, "ದೇವದುರ್ಗದವ್ರಿಗಿ ದವಡಿ ಗಟ್ಟಿ ಬಿಡವ್ವ. ನಮ್ಮಂಥೋರು ಅದನ್ನ ತಿಂದ್ರ ಮರುದಿನ ಗಂಜಿನೇ ಗತಿ," ಎಂದು ಅನ್ನದ ತಟ್ಟೆ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು.

ನಮ್ಮ ಬಡಾವಣೆ ಇರುವುದು ಒಂದು ಬಂಡೆಗುಡ್ಡದ ಬುಡದಲ್ಲಿ. ಹೊಲಿಗೆ ಯಂತ್ರ ಇಟ್ಟ ಕಿಟಕಿಯಿಂದ ನೋಡಿದರೆ ಎದುರಿಗೇ ಒಂದು ದೊಡ್ಡ ತಗ್ಗು. ಗುಡ್ಡದ ಮೇಲೆ ಬಿದ್ದ ಮಳೆಗೆ ಬಂಡೆಯಲ್ಲಿ ಇಂಗಲು ಜಾಗವಿಲ್ಲ, ಅಷ್ಟೂ ದಬದಬ ಇಳಿದು ಆ ತಗ್ಗಿಗೇ ಬೀಳುತ್ತಿತ್ತು. ತಗ್ಗಿನ ತುಂಬ ಆಪು. ಎಷ್ಟೇ ರಭಸದಿಂದ ಬಂದ ನೀರೂ ಆಪಿನ ಬುಡಕ್ಕೆ ಹೊಕ್ಕ ಮೇಲೆ ಓಟ ಬಿಟ್ಟು ನಡೆಯುತ್ತಿತ್ತು. ಕೆಂಪಗೆ ಬಂದದ್ದು ಅಲ್ಲೇ ನಿಂತು ತಿಳಿಯಾಗಿ ನಿಧಾನಕ್ಕೆ ಇಂಗುತ್ತಿತ್ತು. ನಮ್ಮ ಓಣಿಯ ಬೋರುಗಳಲ್ಲಿ ಚೈತ್ರದಲ್ಲೂ ನೀರಿರುತ್ತಿದ್ದುದಕ್ಕೆ ಬೇರೆ ಕಾರಣ ನನಗೆ ತಿಳಿಯದು. ಕೆಳಗಿನ ಓಣಿಯ ಹೊಸ್ತಿಲುಗಳು ಮಳೆಗಾಲದಲ್ಲೂ ಒಣಗಿರುತ್ತಿದ್ದವು. ನಾನು ಜಾಲಹಳ್ಳಿಯವಳು, ತಡೆದು ನಿಲ್ಲಿಸಿದ ನೀರನ್ನು ನೋಡಿದರೆ ನನಗೆ ಹೊಟ್ಟೆ ತಂಪಾಗುತ್ತಿತ್ತು. ಆದರೆ ಅದು ಯಾರೂ ಕಟ್ಟಿದ್ದಲ್ಲ, ತಾನಾಗಿ ಆದದ್ದು. ಹಾಗಾಗಿ ಬಡಾವಣೆಯವರ ಬಾಯಲ್ಲಿ ಅದು ಕೆರೆಯಾಗಲಿಲ್ಲ, ಹೊಲಸು ತಗ್ಗಾಗಿಯೇ ಉಳಿಯಿತು.

ಕೆಳಗಿನ ಓಣಿ ಶುರುವಾಗುವುದು ತಗ್ಗಿನ ಅಂಚಿನಿಂದ. ಮೊದಲನೇ ಮನೆ ಒಬ್ಬ ವಿಧವೆಯದು. ಅವಳೂ ದೇವದುರ್ಗದ ಕಡೆಯವಳು, ಕೂಲಿ ಮಾಡುವ ಮನೆತನದಿಂದ ಬಂದವಳು. ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಆ ಮನೆ ಕಟ್ಟಿಕೊಂಡಿದ್ದಳು. ಕಲ್ಲು ಮಣ್ಣಿನ ಗೋಡೆ, ಮೇಲೆ ತಗಡು, ಬಾಗಿಲಿಗೆ ಮಾತ್ರ ಚಂದದ ಹಸಿರು ಬಣ್ಣ. ಬೆಳಗು ಹರಿಯುವ ಮುಂಚೆ ಅವಳು ರೊಟ್ಟಿ ಬಡಿಯುವ ಸದ್ದು ತಗ್ಗು ದಾಟಿ ನಮ್ಮ ಮನೆಗೆ ಬರುತ್ತಿತ್ತು. ನಾನು ಏಳುತ್ತಿದ್ದುದು ಆ ಸದ್ದಿಗೆ. ಬಲಗೈಯಲ್ಲಿ ಬಡಿಯುತ್ತ, ಎಡಗೈ ಬೆರಳಿನಲ್ಲಿ ಅಂಚು ತಿರುಗಿಸುತ್ತ ಅವಳು ಮಾಡುತ್ತಿದ್ದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ನನಗಿಂತ ಸಣ್ಣವಳು, ನನ್ನನ್ನು "ಅಕ್ಕಾ" ಎನ್ನುತ್ತಿದ್ದಳು. ಪಟ್ಟಣದಲ್ಲಿ ನನ್ನ ತವರಿನ ಮಾತಾಡುವವಳು ಅವಳೊಬ್ಬಳೇ.

ಆ ತಗ್ಗಿನ ಮೇಲೆ ಅವಳಿಗೂ ಪ್ರೀತಿಯಿರಲಿಲ್ಲ. ಬೇಸಿಗೆಯಲ್ಲಿ ಆಪಿನ ತೆನೆ ಒಡೆದು ಹತ್ತಿಯಂಥ ಅರಳೆ ಹಾರಿ ಬಂದು ಹಸಿ ರೊಟ್ಟಿಗೆ ಅಂಟುತ್ತಿತ್ತು. "ಅಕ್ಕಾ, ಈ ಸುಡುಗಾಡು ಅರಳಿ ಆರಿಸಿ ಆರಿಸಿ ನನ್ನ ಕಣ್ಣು ಹೋಗ್ಯಾವ ನೋಡು," ಎಂದು ಬೈಯುತ್ತಿದ್ದಳು. ಮೇಲಿನ ಓಣಿಯವರಿಗೆ ಸೊಳ್ಳೆಯ ಕಾಟ. ಒಂದು ದಿನ ಯಾರದೋ ಅಂಗಳದಲ್ಲಿ ಹಾವು ಕಂಡಿತು. ಅಷ್ಟು ಸಾಕಾಯಿತು.

ನಮ್ಮ ಓಣಿಯಲ್ಲಿ ಒಬ್ಬ ಗಿರಣಿ ಮಾಲೀಕರಿದ್ದಾರೆ. ನನ್ನ ಗಂಡ ದುಡಿಯುವ ಗಿರಣಿಯಲ್ಲ, ಬೇರೆ. ಅವರ ಬೇರೂ ಮಾನ್ವಿ ಕಡೆಯದೇ. ಅವರು ನಮ್ಮ ಕಟ್ಟೆಗೆ ಬಂದು ಮಾವನ ಪಕ್ಕದಲ್ಲಿ ಕೂತು, "ಯಜಮಾನ್ರ, ಪೋತ್ನಾಳದಾಗ ನಿಮ್ಮ ಹೆಸರು ಕೇಳೀನಿ. ಈ ತಗ್ಗೊಂದು ನೋಡ್ರಿ. ಸೊಳ್ಳಿ ಕಾಟಕ್ಕ ಹೈರಾಣ ಆಗೀವಿ," ಎಂದರು.

ಮಾವ ಎದ್ದು ರುಮಾಲು ಸರಿ ಮಾಡಿಕೊಂಡರು. ತಗ್ಗಿನ ಸುತ್ತ ಒಂದು ಸುತ್ತು ಹಾಕಿ, ಒಂದು ಹಿಡಿ ಕೆಸರು ಎತ್ತಿ ಮೂಸಿ, ಒಂದು ಆಪು ಕಿತ್ತು ಬೇರು ನೋಡಿ ಬಂದು ಹೇಳಿದರು: "ಇದು ಪಕ್ಕಾ ಜವಳು. ಆಪು ಹುಟ್ಟಿದದ ಅಂದ್ರ ಭೂಮಿ ಸಾಯಾಕತ್ತದ ಅಂತ್ಲೇ ಅರ್ಥ. ಬಸಿಗಾಲಿ ತೆಗದ್ರ ಬರೋಬರ್ ಆಗ್ತದ."

ರಾಯಚೂರಿಗೆ ಬಂದ ಮೇಲೆ ಮೊದಲ ಸಲ ಅವರ ದನಿಯಲ್ಲಿ ಹಳೆಯ ಯಜಮಾನಿಕೆ ಕೇಳಿಸಿತು. ನನಗೆ ಒಂದು ಕಡೆ ಖುಷಿ, ಒಂದು ಕಡೆ ಅಳುಕು. ಆದರೂ ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟೆ.

"ಮಾವ, ಬಸದ ನೀರು ಎಲ್ಲಿಗಿ ಹೋಗ್ತಾವ್ರಿ?"

"ಹಳ್ಳಕ್ಕ."

"ಇಲ್ಲಿ ಹಳ್ಳ ಎಲ್ಲದರಿ?"

"ಕೆಳಗಿನ ಓಣಿ ಹ್ಯಾಂಗ ಇಳಕಲದ ನೋಡಿಲ್ಲೇನು? ಅದೇ ಹಳ್ಳದ ದಾರಿ."

"ಅಲ್ಲಿ ಮಂದಿ ಅದಾರ್ರಿ. ಮನಿ ಅದಾವ."

"ಮನಿ ಮುಂದ ಗಟಾರ ಅದಲ್ಲ, ಅದರಾಗ ಹೋಗ್ತಾವ. ನಿನ್ನ ಜಾಲಹಳ್ಳಿ ಬುದ್ಧಿ ಬಿಡವ್ವ. ನಿಮಗ ನೀರು ಕಂಡ್ರ ಕಟ್ಟಿ ಹಾಕೂದೊಂದೇ ಗೊತ್ತು."

ಹಳ್ಳವನ್ನು ಅವರ ಕಣ್ಣು ಸರಿಯಾಗಿಯೇ ಗುರುತಿಸಿತ್ತು. ಕೆಳಗಿನ ಓಣಿ ನಿಜವಾಗಿಯೂ ಒಂದು ಕಾಲದ ಹಳ್ಳ. ಅದರ ಮೇಲೆ ಜನ ಮನೆ ಕಟ್ಟಿಕೊಂಡಿದ್ದರು, ಉಳಿದದ್ದು ಮೊಳದಗಲದ ಒಂದು ಗಟಾರ. ಪೋತ್ನಾಳದಲ್ಲಿ ಹೊಲದಾಚೆ ಹಾಕಿದ ನೀರು ಹಳ್ಳ ಸೇರಿ, ಹೊಳೆ ಸೇರಿ, ಯಾರಿಗೂ ಸಂಬಂಧವಿಲ್ಲದಂತೆ ಹೋಗಿಬಿಡುತ್ತದೆ. ಪಟ್ಟಣದಲ್ಲಿ ನಮ್ಮ ಮನೆಯ ಆಚೆ ಹಾಕಿದ್ದು ಇನ್ನೊಬ್ಬರ ಮನೆಯ ಒಳಗೇ ಬೀಳುತ್ತದೆ. ಇದನ್ನು ನಾನು ಗಂಡನಿಗೆ ಹೇಳಿದೆ, ಗಿರಣಿ ಮಾಲೀಕರ ಹೆಂಡತಿಗೆ ಹೇಳಿದೆ, ಕೊನೆಗೆ ಹಸಿರು ಬಾಗಿಲಿಗೆ ಹೋಗಿ ರೊಟ್ಟಿಯವಳಿಗೂ ಹೇಳಿದೆ. ಅವಳು ಹಿಟ್ಟಿನ ಕೈಯಿಂದಲೇ ನನ್ನ ಗಲ್ಲ ಮುಟ್ಟಿ, "ಅಷ್ಟು ದೊಡ್ಡ ಯಪ್ಪಾರು ನಿಂತು ಮಾಡ್ಸಾಕತ್ತಾರ, ಖಾಲಿ ಫಿಕರ್ ಮಾಡ್ಬ್ಯಾಡ ಅಕ್ಕಾ," ಎಂದಳು.

ಗಿರಣಿ ಮಾಲೀಕರು ಕರೆಸಿದ ಜೆಸಿಬಿ ಬಂದ ದಿನ ಓಣಿಗೆ ಓಣಿಯೇ ಸೇರಿತ್ತು. ನಮ್ಮ ಕಡೆ ಮಗುವಿನ ಮೊದಲ ಕೂದಲು ತೆಗೆಸುವುದಕ್ಕೆ ಜವಳ ಎನ್ನುತ್ತಾರೆ, ಮೊದಲ ಕತ್ತರಿ ಹಾಕುವವನು ಸೋದರಮಾವ. ಯಾರೋ ಕೂಗಿದರು: "ಜವಳು ತೆಗೆಯೋದಲ್ರೋ, ಇದು ತಗ್ಗಿಗಿ ಜವಳ ತೆಗೆಯೋದು! ಸೋದರಮಾವ ಎಲ್ಲಿ?" ಎಲ್ಲರೂ ಮಾವನನ್ನು ಮುಂದೆ ತಳ್ಳಿದರು. ಮಾವ ನಗುತ್ತ ಬಗ್ಗಿ, ಕುಡುಗೋಲಿನಿಂದ ಒಂದು ಹಿಡಿ ಆಪು ಕೊಯ್ದು ಎತ್ತಿ ತೋರಿಸಿದರು. ಚಪ್ಪಾಳೆ ಬಿತ್ತು. ನೀರು ಬಿಡಲು ಕಡಿದ ಗಂಡಿಯ ಬಾಯಿಗೆ ತೆಂಗಿನಕಾಯಿ ಒಡೆದವಳು ರೊಟ್ಟಿಯವಳು. ಆಪನ್ನೆಲ್ಲ ರಾಶಿ ಹಾಕಿ ಬೆಂಕಿ ಇಟ್ಟರು. ಹೊಗೆ ಓಣಿಯ ತುಂಬ ತುಂಬಿತು. ನಾನು ಕಿಟಕಿ ಮುಚ್ಚಿ, ಕುಬಸದ ಒಂದೇ ತೋಳನ್ನು ಮೂರು ಸಲ ಬಿಚ್ಚಿ ಹೊಲಿದೆ.

ಕಾಲುವೆ ಬಾಯಿ ತೆರೆದಾಗ ತಗ್ಗಿನ ನೀರು ಗುಳುಗುಳು ಎಂದು ಇಳಿಯತೊಡಗಿತು. ಸಂಜೆ ಮಾವ ನನ್ನನ್ನು ಅಂಗಳಕ್ಕೆ ಕರೆದರು. "ಕೇಳವ್ವ, ಹ್ಯಾಂಗ ಬಸ್ಯಾಕತ್ತಾವ." ಕಣ್ಣು ಮುಚ್ಚಿ ತಲೆದೂಗುತ್ತ ಆ ಸದ್ದು ಕೇಳುತ್ತ ನಿಂತಿದ್ದರು. ಪೋತ್ನಾಳದಲ್ಲಿ ಅದು ಭತ್ತ ಉಳಿಯಿತು ಎನ್ನುವ ಸದ್ದು. ಅವರ ಮುಖದಲ್ಲಿದ್ದ ಸಮಾಧಾನ ನೋಡಿ ನನ್ನ ನಾಲಿಗೆ ಮೊದಲ ಸಲ ಏಳಲಿಲ್ಲ.

ಆ ವರ್ಷ ಮೊದಮೊದಲು ಸಣ್ಣ ಮಳೆಗಳೇ ಬಂದವು. ತಗ್ಗು ಒಣಗಿತು, ಸೊಳ್ಳೆ ಕಡಿಮೆಯಾದವು, ಮಾವನಿಗೆ ಓಣಿಯಲ್ಲಿ ನಮಸ್ಕಾರ ಹೆಚ್ಚಾದವು. ಉತ್ತರಿ ಮಳೆಯಲ್ಲಿ ಒಂದು ಮಧ್ಯಾಹ್ನ ಗುಡ್ಡದ ಹಿಂದೆ ಕಪ್ಪಾಯಿತು. ಅಂಥ ಮಳೆ ನಾವು ಹಿಂದೆಯೂ ನೋಡಿದ್ದೆವು, ಆಗೆಲ್ಲ ತಗ್ಗು ತುಂಬಿ ತುಳುಕಿ ಸುಮ್ಮನಾಗುತ್ತಿತ್ತು. ಈ ಸಲ ಗುಡ್ಡದಿಂದ ಇಳಿದ ನೀರಿಗೆ ತಗ್ಗಿನಲ್ಲಿ ಕೂರಲು ಯಾರೂ ಹೇಳಲಿಲ್ಲ. ನೇರವಾಗಿ ಕಾಲುವೆ ಹಿಡಿಯಿತು. ಬಾಯಿ ಕಿತ್ತುಕೊಂಡು ಅಗಲವಾಯಿತು. ಕೆಳಗಿನ ಓಣಿಯಿಂದ ಕೂಗು ಎದ್ದಿತು.

ಮಾವ ಸಲಿಕೆ ಹಿಡಿದು ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ಅಂದೇ ನೋಡಿದ್ದು. ಕಾಲುವೆ ಬಾಯಲ್ಲಿ ಎದೆಮಟ್ಟದ ನೀರಿಗೆ ಇಳಿದು ನಿಂತು, "ಹುಲ್ಲು ತರ್ರಿ! ಭತ್ತದ ಹುಲ್ಲು ತರ್ರಲೇ!" ಎಂದು ಕೂಗತೊಡಗಿದರು. ಅವರ ಸೀಮೆಯಲ್ಲಿ ಕಾಲುವೆ ಒಡೆದರೆ ಹುಲ್ಲಿನ ಸಿವುಡು ಒಟ್ಟಿ, ಮಣ್ಣು ಹಾಕಿ ಗಂಡಿ ಮುಚ್ಚುತ್ತಾರೆ. ರಾಯಚೂರಿನ ಬಡಾವಣೆಯಲ್ಲಿ ಹುಲ್ಲು ಎಲ್ಲಿಂದ ತರಬೇಕು? ಇದ್ದ ಹುಲ್ಲನ್ನೆಲ್ಲ ನಾವೇ ಸುಟ್ಟಿದ್ದೆವು. ಜನ ಮಾಳಿಗೆಯ ಮೇಲೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ನನ್ನ ಗಂಡ ಮತ್ತು ಇನ್ನಿಬ್ಬರು ಮಾವನನ್ನು ಹಿಡಿದು ಎಳೆದು ದಡಕ್ಕೆ ಹಾಕಿದರು. ಅವರು ದಡದಲ್ಲಿ ಬಿದ್ದುಕೊಂಡೇ "ಹುಲ್ಲು, ಹುಲ್ಲು" ಅನ್ನುತ್ತಿದ್ದರು.

ನಾನು ಗೋಡೆ ಹಿಡಿದು ಕೆಳಗೆ ಇಳಿದೆ. ಹಸಿರು ಬಾಗಿಲಿನ ಅರ್ಧಕ್ಕೆ ನೀರು. ರೊಟ್ಟಿಯವಳು ಒಳಗೆ ಹಿಟ್ಟಿನ ಚೀಲಗಳನ್ನು ಅಟ್ಟಕ್ಕೆ ಎತ್ತುತ್ತಿದ್ದಳು. "ಬಾರಬೇ ಹೊರಗ!" ಎಂದು ನಾನು ಅರಚಿದೆ. "ಇದೊಂದು ಚೀಲ ಅಕ್ಕಾ," ಎಂದಳು. ಹಿಂದಿನ ಗೋಡೆ ನೆನೆದು ಕುಸಿದದ್ದು ಆಗ. ದೊಡ್ಡ ಸದ್ದೂ ಆಗಲಿಲ್ಲ. ಕಲ್ಲುಗಳ ಕೆಳಗೆ ಅವಳ ಬಲಗೈ ಸಿಕ್ಕಿತ್ತು.

ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಕೈಯನ್ನೂ ಕತ್ತರಿಸಲಿಲ್ಲ. ಆದರೆ ಬೆರಳುಗಳು ಮತ್ತೆ ಮಡಚಲಿಲ್ಲ, ಅಂಗೈ ಬಿಚ್ಚಲಿಲ್ಲ. ರೊಟ್ಟಿ ಬಡಿಯುವ ಕೈ ಅದು. ಖಾನಾವಳಿಯವರು ಕೆಲವು ದಿನ ಕಾದು ಬೇರೆಯವರನ್ನು ಹಿಡಿದರು. ನನಗೆ ಬೆಳಿಗ್ಗೆ ಎಚ್ಚರವಾಗುವುದು ಈಗಲೂ ಅದೇ ಹೊತ್ತಿಗೆ. ಸದ್ದಿಲ್ಲದ್ದಕ್ಕೇ ಎಚ್ಚರವಾಗುತ್ತದೆ.

ಗಿರಣಿ ಮಾಲೀಕರು "ಇಂಥಾ ಮಳಿ ಎಂದೂ ಬಂದಿದ್ದಿಲ್ಲ" ಎಂದು ಕಟ್ಟೆಗಳಲ್ಲಿ ಹೇಳುತ್ತ ಬಂದರು. ಮಳೆಗೆ ಬಾಯಿಲ್ಲ, ಏನು ಹೊರಿಸಿದರೂ ನಡೆಯುತ್ತದೆ. ನಾನು ಅವರ ಮುಖಕ್ಕೇ ಹೇಳಿದೆ: "ಮಳಿ ಅದೇ ಅದರಿ. ಅದಕ್ಕ ಕೂಡಾಕ ಜಾಗ ಇಲ್ದಂಗ ಮಾಡಿದವ್ರು ನೀವು." ಆ ಮನೆಯ ಕುಬಸಗಳು ನನ್ನ ಹತ್ತಿರ ಬರುವುದು ಅಂದಿಗೆ ನಿಂತಿತು. ಬೇಸಿಗೆ ಬಂದಾಗ ನಮ್ಮ ಬೋರು ಗಾಳಿ ಕಾರಿತು, ಅವರದೂ ಕಾರಿತು. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಾಗಲೂ ಯಾರೂ ಆ ತಗ್ಗಿನ ಹೆಸರೆತ್ತಲಿಲ್ಲ.

ಮಾವ ಮಾತು ಬಿಟ್ಟಿದ್ದರು. ಒಂದು ದಿನ ಹೇಳದೆ ಕೇಳದೆ ಪೋತ್ನಾಳದ ಬಸ್ಸು ಹತ್ತಿದರು. ಮರುದಿನ ಟಂಟಂ ಗಾಡಿಯೊಂದು ಬಾಗಿಲಿಗೆ ಬಂತು. ಅದರಲ್ಲಿ ಮಾವ, ಪಕ್ಕದಲ್ಲಿ ನೀರು ಸೋರುವ ಗೋಣಿಚೀಲಗಳು. ಚೀಲ ಬಿಚ್ಚಿದರೆ ಒಳಗೆ ಬೇರು ಸಮೇತ ಆಪು. ತಮ್ಮ ಜವಳು ಹೊಲದಿಂದ, ಜೀವಮಾನವೆಲ್ಲ ಕಿತ್ತು ಸುಟ್ಟ ಆ ಆಪನ್ನೇ ಅಗೆದು ತಂದಿದ್ದರು.

ಟ್ಯಾಂಕರಿನಲ್ಲಿ ಸಿಕ್ಕ ನೀರಿನಲ್ಲೇ ಒಂದು ಪಾಲು ಎತ್ತಿಟ್ಟು, ತಗ್ಗಿನ ನಟ್ಟನಡುವೆ ಕೆಸರು ಮಾಡಿ ನೆಟ್ಟರು. ಧೋತರ ಎತ್ತಿ ಕಟ್ಟಿ, ಬಗ್ಗಿ, ಹಿಂದೆ ಹಿಂದೆ ಸರಿಯುತ್ತ, ಸಾಲು ಹಿಡಿದು. ಅವರಿಗೆ ನೆಡುವುದು ಅಂದರೆ ಭತ್ತ ನೆಡುವುದೊಂದೇ ಗೊತ್ತಿತ್ತು. ಸಾಲಾಗಿ ನೆಟ್ಟ ಜೊಂಡನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾಲುವೆ ಬಾಯಿಗೆ ಉಸುಕಿನ ಚೀಲ ಒಟ್ಟಿದರು. ಜನ ನಿಂತು ನೋಡಿ, ಮುದುಕನಿಗೆ ಅರಳುಮರಳು ಎಂದು ನಕ್ಕು ಹೋದರು. ನಾನು ಕೆಳಗಿಳಿದು ಆಪಿನ ಕಟ್ಟು ಒಂದೊಂದಾಗಿ ಅವರ ಕೈಗೆ ಕೊಟ್ಟೆ. ಮಾವ ನನ್ನ ಮುಖ ನೋಡದೆ ಕೇಳಿದರು.

"ಬೇರು ಹತ್ತತಾವೇನವ್ವ?"

"ನೀರು ನಿಂತ್ರ ಹತ್ತತಾವ್ರಿ," ಎಂದೆ.

ನೀರು ನಿಲ್ಲಲು ಬಿಡಬೇಕಲ್ಲ. ಒಣಗಿದ ತಗ್ಗಿಗೆ ಆಗಲೇ ಬೆಲೆ ಬಂದಿತ್ತು. ಸೈಟು ಮಾಡಿ ಮಾರಲು ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟಿದ್ದರು. ಒಂದು ಬೆಳಿಗ್ಗೆ ಟಿಪ್ಪರುಗಳು ಬಂದು ಮೊರಂ ಮಣ್ಣು ಸುರಿದವು. ಸಾಲುಗಳು ಒಂದು ಕಡೆಯಿಂದ ಮುಚ್ಚುತ್ತ ಬಂದವು. ಉಸುಕಿನ ಚೀಲಗಳನ್ನು ಕಿತ್ತು ಪಕ್ಕಕ್ಕೆ ಎಸೆದರು. ಮಾವ ಜಗಳ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು, ಕೊನೆಯ ಸಾಲು ಮುಚ್ಚುವವರೆಗೂ ನೋಡಿದರು. ನಾನು ಟಿಪ್ಪರಿನವನಿಗೆ ಬಾಯಿಗೆ ಬಂದದ್ದು ಬೈದೆ. ಅವನು ಕೂಲಿಯವನು, "ನನಗ್ಯಾಕ ಬೈತೀರಿ ಯವ್ವಾ," ಎಂದು ಕಿಟಕಿ ಏರಿಸಿಕೊಂಡ.

ಈಗ ಗುಡ್ಡದ ಹಿಂದೆ ಮೋಡ ಕಂಡರೆ ನಾನು ಯಂತ್ರ ನಿಲ್ಲಿಸಿ ಕೆಳಗೆ ಓಡುತ್ತೇನೆ. ಬಿದ್ದ ಗೋಡೆಯ ಜಾಗದಲ್ಲಿ ತಗಡು ಕಟ್ಟಿಕೊಂಡು ರೊಟ್ಟಿಯವಳು ಅಲ್ಲೇ ಇದ್ದಾಳೆ. ಬೇರೆ ಎಲ್ಲಿಗೆ ಹೋಗಬೇಕು? ನೀರು ಬರುವ ಮೊದಲು ಅವಳನ್ನು ನಮ್ಮ ಮನೆಗೆ ಕರೆತರುತ್ತೇನೆ. ಮೊನ್ನೆ ನಾವು ಮೇಲೆ ಹತ್ತಿ ಬರುವಷ್ಟರಲ್ಲಿ ಇಬ್ಬರೂ ತೊಯ್ದು ತೊಪ್ಪೆಯಾಗಿದ್ದೆವು. ಕಾಲುವೆಯ ಸದ್ದು ಮನೆಯೊಳಗೇ ಕೇಳುತ್ತಿತ್ತು. ಮಾವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು, ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ಬಾರದ ಮಾತು ಕೇಳಿದರು.

"ನೀರು ನಿಂತ್ವೇನವ್ವ?"

ನನ್ನ ತವರಿನ ಮಾತು. ನಾನು ಮೃದುವಾಗಿ ಏನಾದರೂ ಹೇಳಬಹುದಿತ್ತು. ನನಗೆ ಹಾಗೆ ಹೇಳಲು ಬರುವುದಿಲ್ಲ.

"ನಿಂತಾವ್ರಿ ಮಾವ. ಈಕಿ ಮನ್ಯಾಗ ನಿಂತಾವ."

ಅವರು ತಲೆ ತಗ್ಗಿಸಿದರು. "ಕದ ಹಾಕವ್ವ," ಎಂದರು, ಅಷ್ಟೇ. ಕದ ಹಾಕಿದರೂ ಸದ್ದು ಕೇಳುತ್ತಲೇ ಇತ್ತು.

ಅಡುಗೆಮನೆಯಲ್ಲಿ ಅವಳು ಸುಮ್ಮನೆ ಕೂರಲೊಲ್ಲದೆ ಹಿಟ್ಟಿನ ಡಬ್ಬಿ ತೆಗೆದಳು. ಬಲಗೈ ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ಬಡಿಯತೊಡಗಿದಳು. ಆ ಸದ್ದಿಗೆ ತಾಳವಿರಲಿಲ್ಲ. ರೊಟ್ಟಿ ಅಂಚು ಒಡೆದು, ಒಂದು ಕಡೆ ದಪ್ಪ ಒಂದು ಕಡೆ ತೂತಾಗಿ, ಹೆಂಚಿಗೆ ಹಾಕುವಾಗ ಮುರಿಯಿತು. ನಾನು ಒಲೆಯ ಕಡೆ ಮುಖ ತಿರುಗಿಸಿಕೊಂಡೆ. ಬೆಂದ ಚೂರುಗಳನ್ನು ತಟ್ಟೆಗೆ ಹಾಕಿ ನಾನು ನನ್ನ ಮುಂದೆ ಇಟ್ಟುಕೊಳ್ಳುವಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ನೆಲದ ಮೇಲೆ ಕೂತು ತಮ್ಮ ತಟ್ಟೆಯನ್ನು ಅವಳ ಕಡೆ ಸರಿಸಿದರು.

"ಎಡಗೈಲೆ ಬಡದದ್ದರಿ ಯಪ್ಪಾ," ಎಂದಳು ಅವಳು ಗಾಬರಿಯಾಗಿ. ನಮ್ಮಲ್ಲಿ ಎಡಗೈಯಿಂದ ಯಾರಿಗೂ ಅನ್ನ ಕೊಡುವುದಿಲ್ಲ, ಹಿರಿಯರಿಗಂತೂ ಇಲ್ಲವೇ ಇಲ್ಲ. "ನಿಮಗ ಹ್ಯಾಂಗ ಹಾಕ್ಲಿ? ಅಕ್ಕ ಅನ್ನ ಮಾಡ್ಯಾಳ, ಅದನ್ನ ಉಣ್ರಿ."

"ಹಾಕವ್ವ," ಎಂದರು ಮಾವ.

ಅವಳು ನನ್ನ ಮುಂದಿದ್ದ ಚೂರುಗಳನ್ನು ಎಡಗೈಯಿಂದಲೇ ಹಾಕಿದಳು. ಹಲ್ಲಿಲ್ಲದ ಬಾಯಿಗೆ ಅದು ಸುಲಭವಾಗಿರಲಿಲ್ಲ. ಬೇಳೆಯಲ್ಲಿ ನೆನೆಸಿ, ಒಂದು ಚೂರೂ ಬಿಡದೆ ತಿಂದರು. ತಿಂದು ತಟ್ಟೆಯನ್ನು ಮತ್ತೆ ಅವಳ ಮುಂದೆ ಹಿಡಿದರು. ಅವಳು ಇನ್ನೊಂದು ಮುದ್ದೆ ಹಿಟ್ಟು ಎಡಗೈಗೆ ತೆಗೆದುಕೊಂಡಳು.